ಹಸಿ ಮಣ್ಣು ಕೈಯಲ್ಲಿರುವಾಗ

ಪ್ರೀತಿಯ ಗೆಳೆಯಾ,

ನಿರಾಶ್ರಿತರ ಜೊತೆ ಸೇರಿ ಮಣ್ಣಿನ ದೊಡ್ಡ ಗೋಡೆ ಮಾಡುತ್ತೀಯ ಅಂತ ಓದಿ ತುಂಬಾ ಖುಷಿಯಾಯಿತು. ಒಂದು ಸಾಲು ಮಾತ್ರ ಚುಚ್ಚಿತು. ‘ಅವರು ಕತೆ ಹೇಳುತ್ತಾರೆ, ನಾವು ಮಣ್ಣಲ್ಲಿ ಮಾಡುತ್ತೇವೆ’ ಎಂದು ಬರೆದಿದ್ದೀಯ. ಅವರಿಗೂ ಕೈಗಳಿವೆ, ಅಲ್ವಾ?

ಜೆರುಸಲೇಮಿನ ನೀಲಿ ಚಿತ್ತಾರದ ಟೈಲ್ಸ್ ನೆನಪಿಸಿಕೋ. ತುರ್ಕಿಯ ಕುತಾಹ್ಯಾ ಊರಿನ ದಾವಿದ್ ಒಹನ್ನೆಸಿಯನ್ ಅರ್ಮೇನಿಯನ್ನರು. 1916ರಲ್ಲಿ ಗಡೀಪಾರಾದರು, ಸಿರಿಯಾದ ಅಲೆಪ್ಪೊ ಸೇರಿ ಜೀವ ಉಳಿಸಿಕೊಂಡರು. ಮೊದಲ ಮಹಾಯುದ್ಧದ ನಂತರ, ‘ಡೋಮ್ ಆಫ್ ದ ರಾಕ್’ ಎಂಬ ಮುಸ್ಲಿಮರ ಪವಿತ್ರ ಕಟ್ಟಡದ ಟೈಲ್ಸ್ ರಿಪೇರಿಗೆಂದು ಅವರನ್ನು ಜೆರುಸಲೇಮಿಗೆ ಕರೆಸಿದರು. ಅವರು ತಮ್ಮೂರಿನ ಇನ್ನಷ್ಟು ಕೆಲಸಗಾರರನ್ನು ಕರೆಸಿಕೊಂಡರು. ಅವರಲ್ಲಿ ಬಾಲಿಯನ್, ಕರಕಾಶಿಯನ್ ಎಂಬಿಬ್ಬರು 1922ರಲ್ಲಿ ಜೊತೆಯಾಗಿ ಸ್ವಂತ ಕೆಲಸ ಶುರುಮಾಡಿದರು. ಒಬ್ಬರದು ಕುಂಬಾರಿಕೆ, ಇನ್ನೊಬ್ಬರದು ಚಿತ್ತಾರ. ಆ ನಗರದ ಬೀದಿಗಳ ಹೆಸರಿನ ಫಲಕಗಳಲ್ಲೂ ಈ ಅರ್ಮೇನಿಯನ್ ಕೈಗಳ ಕೆಲಸವಿದೆ.

ಚೀನಾದ ಕಲಾವಿದ ಐ ವೀವೀ 2017ರಲ್ಲಿ ಪಿಂಗಾಣಿ ಹೂದಾನಿಗಳನ್ನು ಕಂಬದಂತೆ ಒಂದರ ಮೇಲೊಂದು ಪೇರಿಸಿದರು. ಯುದ್ಧ, ಪಾಳುಬಿದ್ದ ಊರು, ಸಮುದ್ರ ದಾಟುವುದು, ನಿರಾಶ್ರಿತರ ಶಿಬಿರ ಎಲ್ಲ ಅದರ ಚಿತ್ರಗಳಲ್ಲಿವೆ. ನನಗೆ ಅದು ಇಷ್ಟ. ಆದರೆ ನಿನ್ನ ಗೋಡೆ ಬೇರೆ. ಅಲ್ಲಿ ಅವರ ಬೆರಳಿನ ಗುರುತೇ ಉಳಿಯಬೇಕು.

ಕೂತ ತಕ್ಷಣ ‘ನಿಮ್ಮ ಕತೆ ಹೇಳಿ’ ಎನ್ನಬೇಡ. ಎಷ್ಟೋ ಅಧಿಕಾರಿಗಳ ಮುಂದೆ ಅದನ್ನೇ ಮತ್ತೆ ಮತ್ತೆ ಹೇಳಿ ಬಂದವರು ಅವರು. ಸುಮ್ನೆ ಮಣ್ಣು ಕೊಡು. ನಾದುತ್ತಾ ಕೂತರೆ ಮಾತು ಬರಬಹುದು, ಬರದೆಯೂ ಇರಬಹುದು.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಇಂಥದ್ದೇ ಒಂದು ಶಿಬಿರದಲ್ಲಿ ಒಬ್ಬ ತಾಯಿ ಅಂಗೈಯಗಲದ ಬಾಗಿಲು ಮಾಡಿದ್ದರು, ಸ್ವಲ್ಪ ದಪ್ಪ. ಪೂರ್ತಿ ಒಣಗುವ ಮೊದಲೇ ಮಣ್ಣು ಸುಡುವ ಆವಿಗೆಗೆ ಇಟ್ಟೆ. ಶಾಖ 100 ಡಿಗ್ರಿ ದಾಟಿದ್ದೇ ಒಳಗಿನ ನೀರು ಹಬೆಯಾಗಿ ಸಿಡಿಯಿತು. ಮನೆ ಕಳೆದುಕೊಂಡವರ ಬಾಗಿಲು, ನನ್ನ ಆತುರಕ್ಕೆ ಚೂರಾಯಿತು. ಅವರು ಚೂರುಗಳನ್ನು ನೋಡಿ, ಮತ್ತೆ ಮಣ್ಣು ಕೇಳಿದರು. ಈ ಸಲ ಚಿಲಕ ಮಾಡಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಹಾಗಾಗಿ ಒಣಗಲು ಜಾಸ್ತಿ ದಿನ ಬಿಡು. ಬೇರೆ ಬೇರೆಯವರು ಮಾಡಿದ್ದನ್ನು ಜೋಡಿಸುವಾಗ ಎರಡರ ಹಸಿಯೂ ಒಂದೇ ಹದದಲ್ಲಿರಲಿ. ಗೀರು ಹಾಕಿ, ಮಣ್ಣಿನ ರಾಡಿ ಹಚ್ಚಿ, ಗಟ್ಟಿಯಾಗಿ ಒತ್ತು. ಒಂದು ಹಸಿ, ಒಂದು ಒಣ ಇದ್ದರೆ ಕೂಡಿದಲ್ಲೇ ಬಿರುಕು ಬಿಡುತ್ತದೆ.

ಹೆಸರು ಹಾಕುವ ಮುಂಚೆ ಒಬ್ಬೊಬ್ಬರನ್ನೂ ಕೇಳು. ಕೆಲವರ ಮನೆಯವರು ಇನ್ನೂ ಆ ಬಿಟ್ಟುಬಂದ ಊರಲ್ಲೇ ಇರುತ್ತಾರೆ, ಹೆಸರು ಹೊರಬಂದರೆ ಅವರಿಗೆ ತೊಂದರೆ. ಆವಿಗೆ ತೆರೆಯುವ ದಿನ ಎಲ್ಲರನ್ನೂ ಕರೆ. ನನಗೂ ತಿಳಿಸು, ಬರುತ್ತೇನೆ.

ನಿನ್ನ ಗೆಳೆಯ