ಕಾಕಾನ ಕೈಗೆ ಕೆಲಸ: ಪುಣೆಯಲ್ಲಿರುವ ದೋಸ್ತನಿಗೆ ಒಂದು ಪತ್ರ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇಷ್ಟೇ. "ಕಾಕಾನಿಗೆ ಏನಾದರೂ ಕೆಲಸ ನೋಡು. ಇಲ್ಲಾಂದ್ರೆ ಯಾವುದಾದರೂ ಕಂಪ್ಯೂಟರ್ ಟ್ರೇನಿಂಗಿಗೆ ಹಾಕು." ಬಾಯಿಮಾತಿನಲ್ಲಿ ಹೇಳಿದ್ದರೆ ಅರ್ಧ ಮರೆತುಹೋಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಚಿಂತೆ ಇಟ್ಟುಕೊಂಡು ಕೂತ ಮನೆಗಳು ನಮ್ಮ ಕಲಬುರಗಿ ಕಡೆ ಬಹಳ ಇವೆ. ಹೆಸರು ಬಿಟ್ಟು ಎಲ್ಲರೂ ಓದುವಂತೆ ಹಾಕುತ್ತೇನೆ ಅಂದಾಗ ನೀನು ಒಪ್ಪಿದೆಯಲ್ಲ, ಸಂತೋಷವಾಯಿತು.

ಕಂಪ್ಯೂಟರ್ ಯೋಚನೆ ಬಿಟ್ಟುಬಿಡು. ಕಾಕಾನಿಗೆ ಈಗ 52. ಹುಡುಗರಾಗಿದ್ದಾಗಿನಿಂದ ಶಹಾಬಾದ್ ಫರಸಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ನಡುವೆ ಬೆಳೆದವರು. ಮೊಣಕಾಲಿನ ಕೆಳಗೆ ಒಂದು ಕಾಲು ಹೋಗಿದೆ, ನಿಜ. ಆದರೆ ಕಲ್ಲನ್ನು ತಟ್ಟಿ, ಸಪ್ಪಳ ಕೇಳಿ, ಒಳಗೆ ಸೀಳಿದೆಯೋ ಇಲ್ಲವೋ ಅಂತ ಹೇಳುವ ಕಿವಿ ಎಲ್ಲಿ ಹೋಗಿದೆ? ಯಾವ ಕಲ್ಲು ಪಾಲಿಶ್ ಹಿಡಿಯುತ್ತದೆ, ಯಾವುದು ಅಂಗಳಕ್ಕೆ ಸಾಕು, ಒಂದು ಲಾರಿಗೆ ಎಷ್ಟು ಚದರ ಅಡಿ ಕೂರುತ್ತದೆ, ಹೇಗೆ ಜೋಡಿಸಿದರೆ ದಾರಿಯಲ್ಲಿ ಒಡೆಯುವುದಿಲ್ಲ, ಇದೆಲ್ಲ ಅವರ ತಲೆಯಲ್ಲಿದೆ. ಯಾವ ಟ್ರೇನಿಂಗ್ ಸೆಂಟರಿನಲ್ಲೂ ಮೂರು ತಿಂಗಳಲ್ಲಿ ಇದನ್ನು ಕಲಿಸಲಾಗದು. ಅದನ್ನು ಮೂಲೆಗಿಟ್ಟು, ಅವರ ಕೈಗೆ ಮೌಸ್ ಕೊಟ್ಟು, ಇಪ್ಪತ್ತು ವರ್ಷದ ಹುಡುಗರ ಜೊತೆ ಕೂರಿಸಿದರೆ ಅವರಿಗೂ ಸಂಕಟ, ಕೆಲಸ ಕೊಡುವವನಿಗೂ ಉಪಯೋಗವಿಲ್ಲ.

ವಿಕಲಚೇತನರಿಗೆ ಕೆಲಸ ಹುಡುಕಿಕೊಡುವ ಈ ಕೆಲಸದಲ್ಲಿ ಇಷ್ಟು ವರ್ಷ ತಿರುಗಾಡಿ ನಾನು ಗಟ್ಟಿಯಾಗಿ ನಂಬಿರುವುದು ಇದನ್ನೇ. ನಡುವಯಸ್ಸು ದಾಟಿ ಅಂಗ ಊನವಾದವರ ಹತ್ತಿರ ಹೋದಾಗ ಮೊದಲು ಕೇಳಬೇಕಾದ್ದು "ನಿಮಗೆ ಏನು ಗೊತ್ತು" ಅಂತ. ಏನು ಕಲಿಸಬೇಕು ಅನ್ನೋದು ಆಮೇಲೆ.

ಇಲ್ಲಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಒಬ್ಬ ಹಮಾಲರಿದ್ದಾರೆ. ತೊಗರಿ ಚೀಲ ಹೊತ್ತು ಹೊತ್ತು ಬೆನ್ನು ಮುರಿಯಿತು. ಆಪರೇಷನ್ ಆದ ಮೇಲೆ ಬಗ್ಗಲಾರರು, ಭಾರ ಎತ್ತಲಾರರು. ಮನೆಯವರು ಅವರನ್ನು ಮೇಣದಬತ್ತಿ ಮಾಡುವ ಟ್ರೇನಿಂಗಿಗೆ ಕಳಿಸಿದ್ದರು. ಕಲಿತರು, ಮಾಡಿದರು, ಕೊಳ್ಳುವವರೇ ಇಲ್ಲ. ಆಮೇಲೆ ಒಬ್ಬ ಅಡತಿಯವರ (ಕಮಿಷನ್ ವ್ಯಾಪಾರಿಯ) ಹತ್ತಿರ ಮಾತಾಡಿ ಅವರನ್ನು ತೂಕದ ಕಾಟಾದ ಹತ್ತಿರ ಕೂರಿಸಿದೆವು. ತೂಕ ನೋಡುವುದು, ಚೀಲ ಎಣಿಸುವುದು, ರೈತರ ಮುಂದೆ ಚೀಟಿ ಬರೆಯುವುದು. ಕಾಳು ಕೈಯಲ್ಲಿ ಹಿಡಿದರೆ ಹಸಿ ಎಷ್ಟಿದೆ ಅಂತ ಹೇಳುತ್ತಾರೆ. ರೈತರಿಗೆ ಅವರ ಮೇಲೆ ನಂಬಿಕೆ, ಅಡತಿಯವರಿಗೂ ನೆಮ್ಮದಿ. ಅವರು ಹೊಸದಾಗಿ ಕಲಿತದ್ದು ಚೀಟಿ ಬರೆಯುವುದೊಂದೇ. ಅದನ್ನು ಕಲಿಸಿದ್ದು ಅವರ ಮಗಳು.

ಬೀದರಿನಲ್ಲಿ ಬಿದ್ರಿ ಕೆಲಸ ನೋಡಿದ್ದೀಯಲ್ಲ? ಅದರಲ್ಲಿ ಒಬ್ಬರೇ ಎಲ್ಲ ಮಾಡಬೇಕು ಅಂತಿಲ್ಲ. ಸತು, ತಾಮ್ರ ಕರಗಿಸಿ ಅಚ್ಚಿಗೆ ಹೊಯ್ಯುವವರು ಬೇರೆ, ಚಿತ್ರ ಕೊರೆಯುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಬರಿಸುವವರು ಬೇರೆ. ವಯಸ್ಸಾದಂತೆ ಕಣ್ಣು ಮಂಜಾದವರಿಗೆ ಸಣ್ಣ ಗೆರೆ ಕೊರೆಯಲು ಆಗುವುದಿಲ್ಲ. ಆದರೆ ಅಚ್ಚಿನ ಮಣ್ಣಿನ ಹದ, ಬಣ್ಣದ ಹದ ಅವರಿಗೇ ಚೆನ್ನಾಗಿ ಗೊತ್ತು. ಒಂದು ಕಸುಬಿನ ಒಳಗೇ ಜಾಗ ಬದಲಿಸಿಕೊಳ್ಳಬಹುದು. ಫರಸಿ ಕೆಲಸದಲ್ಲೂ ಅಂಥ ಜಾಗಗಳಿವೆ: ಕಲ್ಲು ವಿಂಗಡಿಸುವುದು, ಅಳತೆ ಬರೆಯುವುದು, ಲೋಡಿಂಗ್ ನೋಡಿಕೊಳ್ಳುವುದು, ಗಿರಾಕಿ ಬಂದರೆ ಮಾಲು ತೋರಿಸಿ ರೇಟು ಹೇಳುವುದು. ಕಾಕಾನಿಗೆ ನಾನು ಹುಡುಕುತ್ತಿರುವುದು ಇದನ್ನೇ.

ಆದರೆ ಅವಸರ ಬೇಡ. ಮೊದಲು ಗಾಯ ಪೂರ್ತಿ ಮಾಯಬೇಕು, ಸಕ್ಕರೆ ಹಿಡಿತಕ್ಕೆ ಬರಬೇಕು. ಅವರ ಇನ್ನೊಂದು ಕಾಲು ಈಗ ಎರಡು ಕಾಲಿನ ಕೆಲಸ ಮಾಡುತ್ತಿದೆ. ಅದರ ಅಂಗಾಲನ್ನು ದಿನಾ ರಾತ್ರಿ ಕಾಕಿ ದೀಪ ಹಿಡಿದು ನೋಡಲಿ. ಸಕ್ಕರೆ ಕಾಯಿಲೆಯವರಿಗೆ ಎಷ್ಟೋ ಸಲ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಕೃತಕ ಕಾಲಿಗೆ ಅಳತೆ ಕೊಡುವುದು ಊತ ಇಳಿದ ಮೇಲೆಯೇ. ಕಾನ್ಪುರದ ಅಲಿಮ್ಕೋ ಸಂಸ್ಥೆಯವರು ಜಿಲ್ಲೆಗಳಿಗೆ ಬಂದು ಶಿಬಿರ ಮಾಡುತ್ತಾರೆ, ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಬಡವರಿಗೆ ಪುಕ್ಕಟೆ. ಕಾಲು ಬಂದ ದಿನವೇ ನಡೆದುಬಿಡುತ್ತಾರೆ ಅಂದುಕೊಳ್ಳಬೇಡ. ಕೆಲವು ತಿಂಗಳಲ್ಲಿ ಮೊಂಡು ಕಾಲು ಸಣ್ಣದಾಗುತ್ತದೆ, ಆಗ ಮತ್ತೆ ಸರಿಮಾಡಿಸಬೇಕು. ನಮ್ಮ ಬಿಸಿಲಂತೂ ನಿನಗೆ ಗೊತ್ತೇ ಇದೆ. 42 ಡಿಗ್ರಿಯಲ್ಲಿ ಮೊಂಡು ಕಾಲು ಕೂರುವ ಕೃತಕ ಕಾಲಿನ ಬಟ್ಟಲಿನೊಳಗೆ ಬೆವರು ನಿಂತು ಚರ್ಮ ಕಿತ್ತು ಬರುತ್ತದೆ. ಆದ್ದರಿಂದ ಕೆಲಸ ಎಲ್ಲೇ ಸಿಗಲಿ, ನೆರಳು ಇರಬೇಕು, ಮಧ್ಯಾಹ್ನ ಕಾಲು ಬಿಚ್ಚಿ ಒರೆಸಿಕೊಳ್ಳಲು ಅರ್ಧ ಗಂಟೆ ಸಿಗಬೇಕು. ಸಂಬಳಕ್ಕಿಂತ ಮೊದಲು ನಾನು ಇದನ್ನೇ ಮಾತಾಡುತ್ತೇನೆ.

ಇನ್ನು ಕಾಗದ ಪತ್ರ. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡ್ ಆಗಲೇಬೇಕು. ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಕೊಟ್ಟ ದಿನ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸಬೇಕು. ಊನ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಸೌಲಭ್ಯಗಳು ತೆರೆಯುತ್ತವೆ. 40ರಿಂದ 79ರವರೆಗೆ ಹಳದಿ ಪಟ್ಟಿಯ ಕಾರ್ಡು, 80 ಮತ್ತು ಮೇಲ್ಪಟ್ಟರೆ ನೀಲಿ. ಇದಕ್ಕೆ ಯಾರಿಗೂ ದುಡ್ಡು ಕೊಡುವಂತಿಲ್ಲ. ಕಾರ್ಡ್ ಬಂದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು, ಕೆಕೆಆರ್‌ಟಿಸಿಯಲ್ಲಿ ಮನೆಯಿಂದ 100 ಕಿಲೋಮೀಟರಿನವರೆಗೆ ಬಸ್ಸಿನಲ್ಲಿ ಓಡಾಡಲು ರಿಯಾಯಿತಿ ಪಾಸ್ ಮಾಡಿಸಬಹುದು. ಪಾಸನ್ನು ಸಣ್ಣದು ಅನ್ನಬೇಡ. ದುಡಿದಿದ್ದೆಲ್ಲ ಬಸ್ಸಿಗೇ ಹೋಗುತ್ತದೆ ಅಂತ ಕೆಲಸ ಬಿಟ್ಟವರನ್ನು ನೋಡಿದ್ದೇನೆ.

ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರಿರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಹೆಚ್ಚಾಗಿ ಅವರೂ ವಿಕಲಚೇತನರೇ. ತಾಲ್ಲೂಕಿನಲ್ಲಿ ಅವರ ಮೇಲೆ ಎಂಆರ್‌ಡಬ್ಲ್ಯು, ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣ ಅಧಿಕಾರಿ. ಈ ಕಾರ್ಯಕರ್ತರಿಗೆ ಸಿಗುವ ಗೌರವಧನ ಕಡಿಮೆ, ಓಡಾಟ ಜಾಸ್ತಿ. ಆದರೂ ಊರಿನಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಸರಿಯಾಗಿ ಗೊತ್ತಿರುವವರು ಅವರೇ. ಪಂಚಾಯಿತಿ ತನ್ನ ಅನುದಾನದಲ್ಲಿ ಶೇಕಡಾ 5 ವಿಕಲಚೇತನರಿಗಾಗಿ ಇಡಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗ್ರಾಮಸಭೆಯಲ್ಲಿ ಎದ್ದು ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ. ಕಾಕಾ ಕೇಳದಿದ್ದರೆ ಕಾಕಿ ಕೇಳಲಿ.

ಖಾತ್ರಿ ಕೆಲಸದ ವಿಷಯವೂ ಹೇಳಬೇಕು. ನಮ್ಮ ರಾಜ್ಯದಲ್ಲಿ ನರೇಗಾದಡಿ ವಿಕಲಚೇತನರಿಗೆ, 60 ದಾಟಿದವರಿಗೆ ಕೆಲಸದ ಅಳತೆಯಲ್ಲಿ ಅರ್ಧದಷ್ಟು ರಿಯಾಯಿತಿ ಕೊಟ್ಟು ಪೂರ್ತಿ ಕೂಲಿ ಕೊಡುವ ಪದ್ಧತಿ ಇತ್ತು. ನೀರು ಕೊಡುವ ಕೆಲಸ, ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಓದು ಬರಹ ಬಂದವರಾದರೆ ಕಾಯಕ ಬಂಧು, ಅಂದರೆ ಕೂಲಿಕಾರರ ಹಾಜರಿ, ಲೆಕ್ಕ ನೋಡಿಕೊಳ್ಳುವವರು. 2025ರ ಡಿಸೆಂಬರಿನಲ್ಲಿ ಹೊಸ ಕಾನೂನು ಬಂದು, 100 ದಿನದ ಜಾಗದಲ್ಲಿ 125 ದಿನ ಅಂದಿದ್ದಾರೆ. ಈಗಿನ ನಿಯಮ ಹೇಗಿದೆ ಅಂತ ನಾನೇ ಪಂಚಾಯಿತಿಯಲ್ಲಿ ವಿಚಾರಿಸಿ ತಿಳಿಸುತ್ತೇನೆ. ಕಾಕಾನಿಗೆ ಕೂಡಿ ಕಳೆಯಲು ಚೆನ್ನಾಗಿ ಬರುತ್ತದೆ, ಕಾಯಕ ಬಂಧು ತರಹದ ಕೆಲಸ ಅವರಿಗೆ ಒಗ್ಗುತ್ತದೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ವಯಸ್ಸಿನ ವಿಷಯಕ್ಕೆ. ದೀನದಯಾಳ್ ಉಪಾಧ್ಯಾಯ ಕೌಶಲ ಯೋಜನೆಯಲ್ಲಿ ವಯಸ್ಸಿನ ಮಿತಿ ಸಾಮಾನ್ಯರಿಗೆ 35, ವಿಕಲಚೇತನರಿಗೆ ರಿಯಾಯಿತಿ ಕೊಟ್ಟರೂ 45. 2021ರಲ್ಲಿ ಹಿರಿಯರಿಗೆ ಕೆಲಸ ಹುಡುಕಿಕೊಡಲು ಸೇಕ್ರೆಡ್ ಅಂತ ಕೇಂದ್ರದ ಪೋರ್ಟಲ್ ಬಂತು, ಅದು 60 ಆದವರಿಗೆ. ಸಂಧ್ಯಾ ಸುರಕ್ಷಾ ಮಾಸಾಶನ 65ಕ್ಕೆ. ನಡುವೆ ಇರುವವರು ಏನು ಮಾಡಬೇಕು? ಲಕ್ವಾ ಹೊಡೆಯುವುದು, ಸಕ್ಕರೆಯಿಂದ ಕಾಲು ಹೋಗುವುದು, ಬೆನ್ನು ಬೀಳುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ ಅಲ್ವಾ? ಯಾದಗಿರಿ ಕಡೆಯಿಂದ ಬೆಂಗಳೂರು, ಮುಂಬೈಗೆ ಗುಳೆ ಹೋಗಿ ಸೆಂಟ್ರಿಂಗ್ ಮೇಲಿಂದ ಬಿದ್ದು ಬಂದವರಲ್ಲೂ ಇಂಥವರಿದ್ದಾರೆ. ಮಗಳ ಮದುವೆ ಆಗಿರುವುದಿಲ್ಲ, ಸಾಲ ತೀರಿರುವುದಿಲ್ಲ, ಕೆಲಸದ ಅಗತ್ಯ ಎಲ್ಲರಿಗಿಂತ ಜಾಸ್ತಿ ಇರುವುದು ಅವರಿಗೇ. ವಿಕಲಚೇತನರ ಕೌಶಲಕ್ಕೆ ಅಂತ 2015ರಲ್ಲಿ ಕೇಂದ್ರ ಮಾಡಿದ ಯೋಜನೆಯಲ್ಲಿ ವಯಸ್ಸು 15ರಿಂದ 59. ಅದನ್ನೇ ಹಿಡಿದು ಕೇಳಬೇಕು. "ನಿಮಗೆ ವಯಸ್ಸಾಯಿತು" ಅಂತ ಯಾರಾದರೂ ಕಾಕಾನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದರೆ, ಯಾವ ಯೋಜನೆ, ಯಾವ ನಿಯಮ ಅಂತ ಬರೆದುಕೊಡಿ ಅಂತ ಕೇಳಲು ಹೇಳು.

ಕಾಕಾ ಸರ್ಕಾರಿ ನೌಕರರಾಗಿದ್ದರೆ ಮಾತೇ ಬೇರೆ ಇತ್ತು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿದ್ದಾಗ ಅಂಗ ಊನವಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಹಳೆಯ 1995ರ ಕಾಯ್ದೆಯಲ್ಲೂ ಇದು ಇತ್ತು. ಕಾಲು ಕಳೆದುಕೊಂಡ ಕುನಾಲ್ ಸಿಂಗ್ ಎಂಬ ಪೇದೆಯ ಪರವಾಗಿ 2003ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು ಇದರ ಮೇಲೆಯೇ. ಖಾಸಗಿ ಖಣಿಯಲ್ಲಿ, ಪಾಲಿಶ್ ಯೂನಿಟ್ಟಿನಲ್ಲಿ ದುಡಿದವರಿಗೆ ಈ ರಕ್ಷಣೆ ಇಲ್ಲ. ಅಲ್ಲಿ ಮಾಲೀಕರನ್ನು ಒಪ್ಪಿಸಬೇಕು.

ಒಪ್ಪಿಸುವುದಕ್ಕೂ ಒಂದು ರೀತಿ ಇದೆ. "ಪಾಪ, ಬಡವರು, ಏನಾದರೂ ಕೊಡಿ" ಅಂತ ಹೋದರೆ ಐನೂರು ರೂಪಾಯಿ ಕೈಗಿಟ್ಟು ಕಳಿಸುತ್ತಾರೆ. ನಾನು ಹೋಗಿ ಮೊದಲು ಅಲ್ಲಿ ಒಂದು ದಿನ ಕೂತು ನೋಡುತ್ತೇನೆ. ಎಲ್ಲಿ ಮಾಲು ಹಾಳಾಗುತ್ತಿದೆ, ಎಲ್ಲಿ ಲೆಕ್ಕ ತಪ್ಪುತ್ತಿದೆ, ಯಾವ ಕೆಲಸಕ್ಕೆ ಜನ ನಿಲ್ಲುತ್ತಿಲ್ಲ ಅಂತ. ಆಮೇಲೆ ಮಾಲೀಕರಿಗೆ, "ಸೇಠ್, ಸೀಳಿದ ಕಲ್ಲು ಲಾರಿಗೆ ಹೋಗಿ ಗಿರಾಕಿ ವಾಪಸ್ ಕಳಿಸುವುದು ನಿಮಗೆ ನಷ್ಟ. ಅದನ್ನು ಇಲ್ಲೇ ಹಿಡಿಯುವವರು ನಮ್ಮ ಹತ್ತಿರ ಇದ್ದಾರೆ" ಅನ್ನಬೇಕು. ಒಂದು ಎತ್ತರದ ಸ್ಟೂಲು, ಮೆಟ್ಟಿಲಿನ ಜಾಗದಲ್ಲಿ ಸ್ವಲ್ಪ ಸಿಮೆಂಟ್ ಇಳಿಜಾರು, ಹಿಡಿದುಕೊಳ್ಳಲು ಒಂದು ಪೈಪು, ಕೂರುವಂಥ ಕಕ್ಕಸು. ಇಷ್ಟೇ ಕೇಳುವುದು. ಒಂದು ತಿಂಗಳು ನೋಡಿ ಅನ್ನಬೇಕು, ಆದರೆ ಆ ತಿಂಗಳಿಗೂ ಕೂಲಿ ಬೇಕು. ಪುಕ್ಕಟೆ ದುಡಿಸಿ ನೋಡುತ್ತೇನೆ ಅನ್ನುವವರ ಹತ್ತಿರ ನಾನು ಎರಡನೇ ಮಾತು ಆಡುವುದಿಲ್ಲ.

ಒಂದು ಮುಖ್ಯ ಮಾತು. ಕಾಕಾನ ಗಾಯ ಶುರುವಾಗಿದ್ದು ಕಲ್ಲು ಬೆರಳ ಮೇಲೆ ಬಿದ್ದು ಅಂತ ಹೇಳಿದೆಯಲ್ಲ. ಅದು ಕೆಲಸದ ಹೊತ್ತಿನಲ್ಲಿ ಆಗಿದ್ದರೆ ಪರಿಹಾರ ಕೇಳಬಹುದು, ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಸಕ್ಕರೆಯಿಂದ ಕಾಲು ಹೋಯಿತು, ನಮಗೇನು ಸಂಬಂಧ ಅಂತ ಮಾಲೀಕರು ಹೇಳಬಹುದು. ಅದಕ್ಕೇ ಮೊದಲ ದಿನ ತೋರಿಸಿದ ಆಸ್ಪತ್ರೆ ಚೀಟಿ ಬೇಕು. ಜೊತೆಗಿದ್ದ ಕೂಲಿಕಾರರ ಹೆಸರೂ ಬೇಕು. ಕಾಲ ಕಳೆಯಬೇಡ.

ಸಾಲ ಮಾಡಿ ಕಿರಾಣಿ ಡಬ್ಬಿ ಹಾಕಿಕೊಡೋಣ ಅಂತ ನಿನ್ನ ತಮ್ಮ ಹೇಳುತ್ತಿದ್ದಾನೆ ಅಂದೆ. ವಿಕಲಚೇತನರ ಇಲಾಖೆಯ 'ಆಧಾರ' ಎಂಬ ಯೋಜನೆಯಲ್ಲಿ ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಇದೆ, ಅದು ಒಳ್ಳೆಯದೇ. ಆದರೆ ನಿಮ್ಮ ಓಣಿಯಲ್ಲೇ ಎಷ್ಟು ಕಿರಾಣಿ ಅಂಗಡಿ ಇವೆ, ಎಣಿಸಿ ನೋಡು. ಕಾಕಾ ಸ್ವಂತ ಏನಾದರೂ ಮಾಡುವುದಾದರೆ ಫರಸಿ ಕೊಡಿಸುವ ಕೆಲಸ ಮಾಡಲಿ. ಮನೆ ಕಟ್ಟುವವರಿಗೆ ಒಳ್ಳೆ ಕಲ್ಲು ಆರಿಸಿಕೊಟ್ಟು ಕಮಿಷನ್ ತೆಗೆದುಕೊಳ್ಳಲಿ. ಅದಕ್ಕೆ ಫೋನಿನಲ್ಲಿ ಫೋಟೋ ಕಳಿಸುವುದು, ಫೋನ್ ಪೇ ನೋಡುವುದು ಕಲಿತರೆ ಸಾಕು. ಬೇಕಿರುವ ಟ್ರೇನಿಂಗ್ ಅಷ್ಟೇ, ನಿನ್ನ ಮಗಳು ದೀಪಾವಳಿಗೆ ಬಂದಾಗ ಕಲಿಸಬಹುದು.

ಕಾಕಿಯ ಮೊಣಕಾಲಿನ ವಿಷಯವನ್ನು ಯಾರೂ ಎತ್ತುತ್ತಿಲ್ಲ ನೋಡು. ಕಾಕಾನ ಆರೈಕೆ, ಹೊಲದ ಕೂಲಿ ಎರಡೂ ಅವರ ಮೇಲೇ ಬಿದ್ದಿದೆ, ಅವರಿಗೂ ಕೂತು ಏಳಲು ಆಗುತ್ತಿಲ್ಲ. ಹೆಂಗಸರು ಕುಂಟುತ್ತಾ ದುಡಿದರೆ ಅದನ್ನು ಯಾರೂ ಅಂಗವಿಕಲತೆ ಅಂತ ಎಣಿಸುವುದೇ ಇಲ್ಲ. ಆಸ್ಪತ್ರೆಗೆ ಕಾಕಾನನ್ನು ಕರೆದುಕೊಂಡು ಹೋಗುವ ದಿನ ಅವರನ್ನೂ ತೋರಿಸುತ್ತೇನೆ. ಕಲಬುರಗಿ ರೊಟ್ಟಿ ಹೆಸರಿನಲ್ಲಿ ಮಹಿಳಾ ಗುಂಪುಗಳು ಜೋಳದ ರೊಟ್ಟಿ ಮಾಡಿ ಮಾರುತ್ತಿವೆಯಲ್ಲ, ಅಲ್ಲಿ ಪ್ಯಾಕಿಂಗ್, ಲೆಕ್ಕದ ಕೆಲಸ ಕುರ್ಚಿಯ ಮೇಲೆ ಕೂತು ಮಾಡುವಂಥದ್ದು. ಕಾಕಿಗೆ ಇಷ್ಟವಿದೆಯಾ ಅಂತ ಮೊದಲು ಅವರನ್ನೇ ಕೇಳು.

ಈಗ ನೀನು ಮಾಡಬೇಕಾದ್ದು. ಕಾಕಾನ ಆಧಾರ್, ರೇಷನ್ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಮೊದಲ ದಿನದ ಚೀಟಿ, ಒಂದು ಫೋಟೋ, ಎಲ್ಲ ವಾಟ್ಸಾಪ್ ಮಾಡು. ಅವರು ಯಾವ ಯಾವ ಯೂನಿಟ್ಟಿನಲ್ಲಿ ಏನೇನು ಕೆಲಸ ಮಾಡಿದ್ದಾರೆ ಅಂತ ಅವರ ಬಾಯಿಂದಲೇ ಹೇಳಿಸಿ ರೆಕಾರ್ಡ್ ಮಾಡಿ ಕಳಿಸು. ನಡುವೆ ನೀನು ಮಾತಾಡಬೇಡ, ಅವರು ಹೇಳಲಿ. ಕಾಗದ ಬಂದ ಕೂಡಲೇ ನಾನು ಶಹಾಬಾದಿಗೆ ಹೋಗುತ್ತೇನೆ. ಪುಣೆಯಿಂದ ಬರುವಾಗ ಕಾಕಾನಿಗೆ ಮೆತ್ತನೆಯ, ಅಗಲ ಮೂತಿಯ ಒಂದು ಜೊತೆ ಬೂಟು ತಾ. ಒಂದೇ ಕಾಲಿಗೆ ಅಂತ ಬಿಡಬೇಡ, ಕೃತಕ ಕಾಲಿಗೂ ಅದೇ ಎತ್ತರದ ಬೂಟು ಬೇಕಾಗುತ್ತದೆ.

ಕಾಕಿಗೆ ನಮಸ್ಕಾರ ತಿಳಿಸು.

ನಿನ್ನ ದೋಸ್ತ,
ಕಲಬುರಗಿಯಿಂದ