ಉಗಿ ಸಾಮಿಲ್ ಗೆದ್ದದ್ದು ವೇಗದಿಂದಲ್ಲ

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಉಗಿ ಯಂತ್ರದ ಕಾಲದ ಬಗ್ಗೆ ಬಂದ ಬರಹ ಚೆನ್ನಾಗಿತ್ತು. ಆದರೆ ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಉಗಿ ಬಂದ ಮೇಲೆ ಗರಗಸ ಜೋರಾಗಿ ಓಡಿತು, ಹಾಗಾಗಿ ನೀರಿನ ಮಿಲ್‌ಗಳು ಮೂಲೆಗೆ ಬಿದ್ದವು ಎಂದು ಬರೆದಿದ್ದೀರಿ. ನಾನು ಮೂವತ್ತು ವರ್ಷ ಸಾಮಿಲ್‌ನಲ್ಲಿ ಗರಗಸದ ಹಲ್ಲು ಮಸೆದವನು. ಸುಮ್ನೆ ಜೋರಾಗಿ ಓಡಿಸಿದರೆ ಆಗುವುದಿಲ್ಲ. ಹಲ್ಲು ಮೊಂಡಾಗಿದ್ದರೆ ಓಡಿದಷ್ಟೂ ಮರ ಕಪ್ಪಾಗುತ್ತದೆ, ಹಲಗೆ ಸೊಟ್ಟಗಾಗುತ್ತದೆ.

ಸ್ವೀಡನ್ನಿನ ಕಥೆ ನೋಡಿ. ಅಲ್ಲಿ ಮೊದಲೂ ಮಿಲ್‌ಗಳಿದ್ದವು, ಹಳ್ಳ ಧುಮುಕುವ ಕಡೆ, ಕಾಡಿನ ಒಳಗೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಕೆಲಸ ಬಂದ್. ಬೇಸಿಗೆಯಲ್ಲಿ ಹಳ್ಳ ಸೊರಗಿದರೂ ಬಂದ್. ಕುಯ್ದ ಹಲಗೆಯನ್ನು ಬಂದರಿಗೆ ಸಾಗಿಸುವುದು ಬೇರೆ ತಲೆನೋವು. 1849ರಲ್ಲಿ ಕರಾವಳಿಯ ಊರಾದ ಸುಂಡ್ಸ್‌ವಾಲ್ ಪಕ್ಕದ ಟುನಾಡಾಲ್‌ನಲ್ಲಿ ಉಗಿ ಸಾಮಿಲ್ ಶುರುವಾಯಿತು. ಆ ದೇಶದ ಮೊದಲನೆಯದು ಎಂದು ಅದನ್ನೇ ಹೇಳುವುದು. ಅದು ನಿಂತದ್ದು ಜಲಪಾತದ ಬಳಿ ಅಲ್ಲ, ಸಮುದ್ರದ ದಡದಲ್ಲಿ. ಹಿಮ ಕರಗಿ ನದಿ ತುಂಬಿದಾಗ ದಿಮ್ಮಿಗಳು ತೇಲಿಕೊಂಡು ತಾವೇ ಕೆಳಗೆ ಬರುತ್ತಿದ್ದವು. ಕುಯ್ದ ಹಲಗೆ ಅಲ್ಲೇ ಹಡಗು ಹತ್ತುತ್ತಿತ್ತು. ಅದೂ ಅಲ್ಲದೆ, ಅದು ಇಂಗ್ಲೆಂಡಿನವರು ಹೊರಗಿನಿಂದ ಬರುವ ಮರದ ಸುಂಕ ಇಳಿಸುತ್ತಿದ್ದ ಕಾಲ. ಕೆಲವೇ ದಶಕಗಳಲ್ಲಿ ಆ ಕರಾವಳಿಯುದ್ದಕ್ಕೂ ಚಿಮಣಿಗಳು ಎದ್ದವು.

ಗರಗಸ ಮಾತ್ರ ಹೆಚ್ಚುಕಡಿಮೆ ಹಳೆಯದೇ. ಒಂದು ಚೌಕಟ್ಟು, ಅದರೊಳಗೆ ಸಾಲಾಗಿ ಬಿಗಿದ ಹಲವು ಅಲಗು, ಮೇಲೆ ಕೆಳಗೆ ಆಡುವುದು. ಈ ಕಡೆಯಿಂದ ದಿಮ್ಮಿ ಹೊಕ್ಕರೆ ಆ ಕಡೆಯಿಂದ ಹಲಗೆಗಳ ಕಟ್ಟು. ನೀರಿನ ಚಕ್ರವೂ ಅದನ್ನು ಆಡಿಸುತ್ತಿತ್ತು. ಆದರೆ ಹಳ್ಳ ಕೊಡುವಷ್ಟೇ ಶಕ್ತಿ. ಇನ್ನೆರಡು ಚೌಕಟ್ಟು ಹಾಕೋಣ ಎಂದರೆ ಹಳ್ಳವನ್ನು ಹಿಗ್ಗಿಸಲಿಕ್ಕೆ ಆಗುತ್ತದೆಯೇ? ಬಾಯ್ಲರ್ ಆದರೆ ಇನ್ನೊಂದು ತಂದು ಇಡಬಹುದು.

ಇನ್ನು ಸೌದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಹತ್ತಿ ಮಿಲ್ಲಿನವನು ಕಲ್ಲಿದ್ದಲು ಕೊಳ್ಳಬೇಕು. ಸಾಮಿಲ್‌ನವನಿಗೆ ತನ್ನ ಕಸವೇ ಸೌದೆ: ಮರದ ಹೊಟ್ಟು, ದಿಮ್ಮಿಯ ಸಿಪ್ಪೆ, ಅಂಚಿನ ಚೂರು. ಕಾಲು ಇಂಚು ಅಗಲದ ಸೀಳು ಬಿಡುವ ವೃತ್ತ ಗರಗಸದಲ್ಲಿ ನಾಲ್ಕು ಸಲ ಕುಯ್ದರೆ ಒಂದಿಂಚಿನ ಹಲಗೆಯಷ್ಟು ಮರ ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಆ ಗುಡ್ಡೆಯನ್ನು ಏನು ಮಾಡುವುದು? ಬಾಯ್ಲರಿಗೆ ಹಾಕುವುದು.

ಹಾಕುವುದು ಎಂದಷ್ಟು ಸುಲಭವಲ್ಲ ಅನ್ನಿ. ನಮ್ಮ ಕಡೆ ಹೊಟ್ಟಿನ ಒಲೆ ಉರಿಸಿದವರಿಗೆ ಗೊತ್ತು. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಕುಟ್ಟಿ, ಮೆಲ್ಲಗೆ ತಿರುಗಿಸುತ್ತಾ ಬಾಟಲಿ ಎಳೆಯಬೇಕು. ಗಾಳಿಗೆ ದಾರಿ ಇದ್ದರೆ ಗಂಟೆಗಟ್ಟಲೆ ಉರಿ. ದಾರಿ ಕುಸಿಯಿತೋ, ಮನೆ ತುಂಬಾ ಹೊಗೆ. ನದಿಯಲ್ಲಿ ನೆನೆದು ಬಂದ ಮರದ ಹೊಟ್ಟಂತೂ ಇನ್ನೂ ಹಟಮಾರಿ. ಅದಕ್ಕೇ ಉಗಿ ಸಾಮಿಲ್‌ಗಳಲ್ಲಿ ಬಾಯ್ಲರಿನ ಮುಂದೆ ಇಟ್ಟಿಗೆಯ ಬೇರೆ ಗೂಡು ಕಟ್ಟುವ ಪದ್ಧತಿ ಬಂತು. ಕಾದ ಇಟ್ಟಿಗೆಯ ಝಳಕ್ಕೆ ಹಸಿ ಹೊಟ್ಟು ಅಲ್ಲೇ ಆರಿ ಹೊತ್ತಿಕೊಳ್ಳುತ್ತಿತ್ತು.

ಮಿಲ್‌ಗಳೆಲ್ಲ ಒಂದೇ ಕಡೆ ಸೇರಿದ ಮೇಲೆ ಕೂಲಿಯವರೂ ಒಂದೇ ಕಡೆ ಸೇರಿದರು. 1879ರಲ್ಲಿ ವ್ಯಾಪಾರ ಬಿದ್ದಿತು ಎಂದು ಕೂಲಿ ಕಡಿತ ಮಾಡಿದಾಗ ಸುಂಡ್ಸ್‌ವಾಲ್ ಸುತ್ತಮುತ್ತ ಸುಮಾರು 5,000 ಜನ ಕೆಲಸ ನಿಲ್ಲಿಸಿದರು. ಸರ್ಕಾರ ಸೈನ್ಯ ಕಳಿಸಿತು. ಕಾಡಿನಲ್ಲಿ ಚದುರಿದ್ದ ನೀರಿನ ಮಿಲ್‌ಗಳ ಕಾಲದಲ್ಲಿ ಇಷ್ಟು ಜನ ಒಟ್ಟಾಗಿ ನಿಲ್ಲುವುದು ಎಲ್ಲಿ ಬಂತು! ನಿಮ್ಮ ಬರಹದಲ್ಲಿ ಮಾಲೀಕರ ಲಾಭದ ಲೆಕ್ಕ ಇದೆ, ಈ ಮುಷ್ಕರದ ಸುದ್ದಿಯೇ ಇಲ್ಲ.

ಇನ್ನೊಂದು ವಿಷಯ. 1888ರ ಜೂನ್ 25ರಂದು ಸುಂಡ್ಸ್‌ವಾಲ್ ಊರು ಹೊತ್ತಿ ಉರಿಯಿತು. ಒಂದು ಸ್ಟೀಮ್‌ಬೋಟಿನಿಂದ ಹಾರಿದ ಕಿಡಿಯೇ ಕಾರಣ ಅನ್ನುತ್ತಾರೆ. ಆಮೇಲೆ ಊರಿನ ನಡುಭಾಗವನ್ನು ಮತ್ತೆ ಕಟ್ಟಿದರು, ಮರ ಮಾರಿದ ದುಡ್ಡಿನಲ್ಲಿ. ಆದರೆ ಈ ಸಲ ಕಲ್ಲು, ಇಟ್ಟಿಗೆಯಲ್ಲಿ.

ಇಂತಿ,
ಗರಗಸ ಮಸೆಯುತ್ತಿದ್ದ ಒಬ್ಬ ಓದುಗ
ಸಾಗರ