ನೋಟಿಸ್ ಕಳಿಸುವ ಮೊದಲು ಟೇಬಲ್ ಇಳಿಸಿ

ಮಾನ್ಯ ಸಂಪಾದಕರೇ,

ಹೆಬ್ಬೆರಳು ಮರಗಟ್ಟಿತೆಂದು ದಿನದ ನಾಲ್ಕನೇ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಕೇಸನ್ನು ಮುಂದೂಡಿದ ಸರ್ಜನ್‌ಗೆ ನೋಟಿಸ್ ಕೊಟ್ಟ ಸುದ್ದಿ ಓದಿ ಮೈ ಉರಿಯಿತು. ‘ಸಣ್ಣ ತೂತಿನ ಆಪರೇಷನ್‌ಗೆ ಇಷ್ಟು ಆಯಾಸವೇ’ ಎಂದು ಕೇಳಿದ ಅಧಿಕಾರಿ ಒಂದು ದಿನವಾದರೂ ಆಪರೇಷನ್ ಥಿಯೇಟರಿನೊಳಗೆ (ಓಟಿ) ನಿಂತಿದ್ದಾರೆಯೇ?

ತೂತು ಸಣ್ಣದಾದ್ದರಿಂದಲೇ ಆಯಾಸ. 5 ಮಿಲಿಮೀಟರ್ ದಪ್ಪದ, ಒಂದಡಿಗೂ ಉದ್ದದ ಗ್ರಾಸ್ಪರ್ (ಒಳಗಿನ ಅಂಗ ಹಿಡಿಯುವ ಇಕ್ಕಳ) ಪೋರ್ಟಿನಲ್ಲಿ, ಅಂದರೆ ತೂತಿಗೆ ಕೂರಿಸಿದ ಕೊಳವೆಯಲ್ಲಿ, ಸನ್ನೆಗೋಲಿನಂತೆ ಆಡುತ್ತದೆ. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ. ಮಾನಿಟರಿನಲ್ಲಿ ಕಾಣುವುದು ಚಪ್ಪಟೆ ಚಿತ್ರ, ಆಳವನ್ನು ಮನಸ್ಸೇ ಲೆಕ್ಕ ಹಾಕಬೇಕು. ಹಿಡಿಯಲ್ಲಿ ಹಾಕಿದ ಬಲವೆಲ್ಲ ತುದಿಗೆ ತಲುಪುವುದಿಲ್ಲವಾದ್ದರಿಂದ ಗಟ್ಟಿಯಾಗಿ ಅದುಮಬೇಕು. ಹಿಡಿಯಲ್ಲಿ ಬೆರಳು ತೂರಿಸುವ ಬಳೆ ಗಂಟೆಗಟ್ಟಲೆ ಒತ್ತಿ ಹೆಬ್ಬೆರಳ ಪಕ್ಕದ ನರಕ್ಕೆ ಪೆಟ್ಟಾಗುತ್ತದೆ. ಗ್ಲೌಸ್ ಕಳಚಿದರೆ ಬೆರಳ ಸುತ್ತ ಆ ಬಳೆಯ ಕೆಂಪು ಅಚ್ಚು ಕಾಣುತ್ತದೆ. ‘ಲ್ಯಾಪ್ರೋಸ್ಕೋಪಿಸ್ಟ್ ಥಂಬ್’ ಎಂಬ ಹೆಸರೇ ಇದಕ್ಕಿದೆ, ನೆಪವಲ್ಲ. 6 ನಂಬರಿನ ಗ್ಲೌಸ್ ಹಾಕುವ, ಚಿಕ್ಕ ಕೈಯ ವೈದ್ಯೆಯರಿಗೂ ಅದೇ ದೊಡ್ಡ ಹಿಡಿ!

ಇನ್ನು ಟೇಬಲ್. ಹಿಡಿ ಮೊಣಕೈ ಮಟ್ಟದಲ್ಲಿರಬೇಕಾದರೆ ಟೇಬಲ್ ನೆಲದಿಂದ ಸುಮಾರು 65ರಿಂದ 75 ಸೆಂ.ಮೀ.ಗೆ ಇಳಿಯಬೇಕು. ಹಳೇ ಟೇಬಲ್ ಅಷ್ಟು ಇಳಿಯುವುದಿಲ್ಲ. ಅದರ ಮೇಲೆ, ಒಳಗೆ ಜಾಗ ಮಾಡಲು ಗ್ಯಾಸ್ ತುಂಬಿ ರೋಗಿಯ ಹೊಟ್ಟೆ ಉಬ್ಬಿದಾಗ ಪೋರ್ಟೂ ಏರುತ್ತದೆ, ಮೂರು ಗಂಟೆ ಭುಜ ಎತ್ತಿಕೊಂಡೇ ನಿಲ್ಲಬೇಕು. ಸ್ಟೂಲ್ ಹತ್ತಿದರೆ ಕಾಟರಿ (ವಿದ್ಯುತ್ತಿನಿಂದ ಕೊಯ್ಯುವ, ರಕ್ತ ನಿಲ್ಲಿಸುವ ಸಾಧನ) ಪೆಡಲ್ ಕೆಳಗೇ ಉಳಿಯುತ್ತದೆ. ಒಂದು ಕಾಲಿನ ಮೇಲೆ ಮೈಭಾರ, ಇನ್ನೊಂದು ಕಾಲು ಕಾಣದ ಪೆಡಲಿಗಾಗಿ ತಡಕಾಡುತ್ತದೆ. ಹಳದಿ ತುಳಿದರೆ ಕೊಯ್ಯುತ್ತದೆ, ನೀಲಿ ತುಳಿದರೆ ರಕ್ತ ಕಟ್ಟುತ್ತದೆ. ತಪ್ಪಿದರೆ ಏನಾದೀತೆಂದು ಹೇಳಬೇಕೇ? ಮಾನಿಟರ್ ಎದುರಿಗೆ, ಕಣ್ಣಿಗಿಂತ ತುಸು ಕೆಳಗಿರಬೇಕು. ಇರುವುದು ಟ್ರಾಲಿಗೆ ಜಾಗ ಸಿಕ್ಕ ಮೂಲೆಯಲ್ಲಿ.

ಇದೇ ಅಧಿಕಾರಿಗಳ ಮುಂದೆ ಮಾನಿಟರನ್ನು ಬೇಕಾದ ಕಡೆ ತಿರುಗಿಸುವ ತೋಳಿನ ಬೇಡಿಕೆ ಎಷ್ಟು ಸಲ ಹೋಗಿಲ್ಲ! ಗ್ಯಾಸ್ ಸಿಲಿಂಡರ್ ನಡುವೆ ಖಾಲಿಯಾದರೆ ಸ್ಪ್ಯಾನರ್ ಹುಡುಕಲು ಓಡಬೇಕು. ಓಟಿಯ ಎಸಿ ರಿಪೇರಿಯಂತೂ ಕಡತದಲ್ಲೇ ಕೊಳೆಯುತ್ತಿದೆ. ಹಾಜರಿ ಯಂತ್ರ ಮಾತ್ರ ಒಂದೇ ವಾರದಲ್ಲಿ ಬಂತು.

ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ಇಳಿಸಿ, ಕತ್ತು-ಭುಜ ಸಡಿಲಿಸಿದರೆ ನೋವು ಇಳಿಯುತ್ತದೆ, ಆಪರೇಷನ್ ಹೇಳಿಕೊಳ್ಳುವಷ್ಟು ಲಂಬಿಸುವುದೂ ಇಲ್ಲ. ಅದಕ್ಕೂ ‘ಲಿಸ್ಟ್ (ದಿನದ ಆಪರೇಷನ್ ಪಟ್ಟಿ) ಮುಗಿಯಲಿ’ ಎನ್ನುತ್ತಾರೆ.

ನೋಟಿಸ್ ಹಿಂಪಡೆಯಬೇಕು. ಟೇಬಲನ್ನೂ ಬದಲಿಸಬೇಕು, ಲಿಸ್ಟನ್ನೂ ಇಳಿಸಬೇಕು, ಸಂಬಂಧಪಟ್ಟವರು ಏನಾದರೂ ಮಾಡಬೇಕು. ಸಹಿ ಹಾಕಿದವರು ಎರಡೂ ತೋಳೆತ್ತಿ ಒಂಟಿಕಾಲಲ್ಲಿ ಹತ್ತು ನಿಮಿಷ ನಿಂತು ನೋಡಲಿ. ನಾಚಿಕೆಯಾಗಬೇಕು ಇವರಿಗೆ.

– ನೊಂದ ಓಟಿ ಸಿಬ್ಬಂದಿ